ಸುಮ್ಮನೆ ಕೂರುವ ಕೆಲಸ

ಚಿತ್ರ ಬರೆಯುವವರ ಮುಂದೆ ಕೂರಲು ನನ್ನನ್ನು ಒಪ್ಪಿಸಿದವಳು ನನ್ನ ಗೆಳತಿ. ಉಡುಪಿಯ ಕಡೆಯ ಕ್ರಿಶ್ಚಿಯನ್ನರವಳು. ಮನೆಯಲ್ಲಿ ಕೊಂಕಣಿ, ಚರ್ಚಿನಲ್ಲಿ ಇಂಗ್ಲಿಷ್, ನನ್ನೊಡನೆ ಕನ್ನಡ. ನರ್ಸಾಗಿ ದುಡಿದು ನಿವೃತ್ತಳಾಗಿ ಲಂಡನ್ನಿನ ಅಂಚಿನ ಪಿನ್ನರ್‌ನಲ್ಲಿದ್ದಾಳೆ. ಯಾವುದೋ ರಾಜ್ಯೋತ್ಸವದ ಊಟದ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದವಳು, ಬಿಸಿಬೇಳೆಬಾತು ನನ್ನ ತನಕ ಬರುವಷ್ಟರಲ್ಲಿ ಮುಗಿದಾಗ ತನ್ನ ತಟ್ಟೆಯಲ್ಲಿದ್ದುದರಲ್ಲಿ ಅರ್ಧ ನನಗೆ ಹಾಕಿಕೊಟ್ಟಿದ್ದಳು. ಅಲ್ಲಿಂದ ಶುರುವಾದ ಸ್ನೇಹ.

ಒಂದು ದಿನ ಫೋನು ಮಾಡಿ, "ನಮ್ಮ ಪೇಂಟಿಂಗ್ ಕ್ಲಾಸಿಗೆ ಕೂರುವ ಹುಡುಗಿ ಕೈಕೊಟ್ಟಿದ್ದಾಳೆ ಮಾರಾಯ್ತಿ. ಗುರುವಾರ ಮಧ್ಯಾಹ್ನ ನೀನು ಬಾ. ಎಂತದೂ ಮಾಡ್ಲಿಕ್ಕಿಲ್ಲ. ಸುಮ್ಮನೆ ಕೂತರಾಯ್ತು" ಎಂದಳು.

ಸುಮ್ಮನೆ ಕೂತುಕೋ ಎಂದು ನನಗೆ ಯಾರಾದರೂ ಹೇಳಿ ಎಷ್ಟು ವರ್ಷವಾಗಿತ್ತೋ. ಹೇಸ್‌ನಲ್ಲಿ ವಿಮಾನಗಳಿಗೆ ಊಟ ತಯಾರಿಸಿ ಕಳಿಸುವ ದೊಡ್ಡ ಅಡುಗೆಮನೆಯೊಂದರಲ್ಲಿ ನನ್ನ ಕೆಲಸ. ಅಡುಗೆಮನೆ ಎನ್ನುವುದು ಹೆಸರಿಗಷ್ಟೆ. ಒಲೆಯ ಬಿಸಿ ನನ್ನ ಪಾಲಿಗೆ ಬಂದದ್ದೇ ಇಲ್ಲ. ಫ್ರಿಜ್ಜಿನಷ್ಟು ತಣ್ಣಗಿನ ಕೋಣೆಯಲ್ಲಿ ಬೆಲ್ಟಿನ ಪಕ್ಕ ನಿಂತು, ಮುಂದೆ ಸರಿಯುವ ಪ್ರತಿ ಟ್ರೇಗೂ ಒಂದು ಬನ್ನು, ಒಂದು ಬೆಣ್ಣೆ, ಒಂದು ಪ್ಲಾಸ್ಟಿಕ್ ಚಮಚ ಇಡಬೇಕು. ಬೆಳಕು ಹರಿಯುವ ಮೊದಲೇ ಹೋದರೆ ಮಧ್ಯಾಹ್ನದ ತನಕ ನಿಂತೇ ಇರುವುದು. ನಮ್ಮವರದು ಗ್ರೀನ್‌ಫರ್ಡ್‌ನ ಗೋದಾಮಿನಲ್ಲಿ ಮಧ್ಯಾಹ್ನ ಶುರುವಾಗುವ ಪಾಳಿ. ನಾನು ಬರುವಾಗ ಅವರಿಲ್ಲ, ಅವರು ಬರುವಾಗ ನಾನು ಮಲಗಿರುತ್ತೇನೆ. ಮಗಳು ತನ್ನ ಓದಿನಲ್ಲಿ, ತನ್ನ ಕೋಣೆಯಲ್ಲಿ.

ಭಾನುವಾರ ನಮ್ಮವರಿಗೆ ಈ ವಿಷಯ ಹೇಳಿದೆ. ತಿನ್ನುತ್ತಿದ್ದ ರೊಟ್ಟಿ ಅರ್ಧಕ್ಕೆ ನಿಲ್ಲಿಸಿ ನನ್ನ ಮುಖ ನೋಡಿದರು.

"ಮೈಮ್ಯಾಲ ಅರಬಿ ಹಾಕ್ಕೊಂಡ ಕೂಡೂದಲ್ಲ?"

"ಹೂಂರಿ. ಸೀರಿ ಉಟಗೊಂಡ ಬಾ ಅಂದಾಳ."

"ಹಂಗಾದ್ರ ಹೋಗು. ಕೂಡ್ಲಾಕ ಒಂದ ಕುರ್ಚಿ ಆದ್ರೂ ಸಿಗ್ತದ" ಎಂದು ಮತ್ತೆ ರೊಟ್ಟಿ ಮುರಿದರು.

ಹೀಗೆ, ಪಾಳಿ ಮುಗಿಸಿ, ಕೆಲಸದವರ ಶೌಚಾಲಯದಲ್ಲೇ ಇಳಕಲ್ ಸೀರೆ ಉಟ್ಟು, ಮೇಲೆ ಜಾಕೆಟ್ ಹಾಕಿಕೊಂಡು, ಬಸ್ ಬದಲಿಸಿ ಪಿನ್ನರ್ ತಲುಪಿದೆ. ಕೌನ್ಸಿಲಿನ ಹಳೆಯ ಸಭಾಂಗಣ. ಮೂಲೆಯಲ್ಲಿ ಮಕ್ಕಳ ಆಟಿಕೆಗಳ ರಾಶಿ, ಗೋಡೆಯ ಮೇಲೆ ಬೆಂಕಿ ಬಿದ್ದರೆ ಏನು ಮಾಡಬೇಕೆಂಬ ಸೂಚನೆ. ಅರ್ಧಚಂದ್ರಾಕಾರವಾಗಿ ಚಿತ್ರ ನಿಲ್ಲಿಸುವ ಈಸೆಲ್ ಹಾಕಿಕೊಂಡು ನಿಂತವರೆಲ್ಲ ಪೆನ್ಷನ್ ಬರುವ ವಯಸ್ಸಿನವರು. ಟೀಚರ್ ಕೂಡ ಅಂಥವರೇ. ಉದ್ದನೆಯ ಇಂಗ್ಲಿಷ್ ಹೆಂಗಸು, ಒಂದು ಮಂಡಿ ಮಡಚಲು ಬರುತ್ತಿರಲಿಲ್ಲ, ಕುರ್ಚಿಯಿಂದ ಕುರ್ಚಿಗೆ ಆತುಕೊಂಡು ನಡೆಯುತ್ತಿದ್ದರು. ಇಡೀ ಜೀವಮಾನ ಶಾಲೆಯಲ್ಲಿ ಚಿತ್ರಕಲೆ ಕಲಿಸಿದ್ದರಂತೆ. ಅವರ ದನಿಯಲ್ಲಿ ಆ ಆಯಾಸವೂ ಇತ್ತು, ಆದರೂ ಬಿಡಲಾಗದ ಏನೋ ಒಂದೂ ಇತ್ತು.

ಅವರ ಕ್ರಮ ಹೀಗೆ: ಯುರೋಪಿನ ಒಬ್ಬ ದೊಡ್ಡ ಚಿತ್ರಕಾರನನ್ನು ಹಿಡಿದು, ಕೆಲವು ಗುರುವಾರ ಅವನ ರೀತಿಯಲ್ಲೇ ಎಲ್ಲರೂ ಬರೆಯಬೇಕು. ಅವನ ಒಂದು ಹೆಸರುವಾಸಿ ಚಿತ್ರದ ಪ್ರಿಂಟನ್ನು ಬೋರ್ಡಿಗೆ ಅಂಟಿಸಿ, ಅದರಲ್ಲಿರುವವರ ಹಾಗೆಯೇ ನನ್ನನ್ನು ಕೂರಿಸುವರು. ಆ ಚಿತ್ರಕಾರರ ಹೆಸರುಗಳು ಆಗಲೇ ನನ್ನ ನಾಲಿಗೆಗೆ ಹೊರಳುತ್ತಿರಲಿಲ್ಲ, ಈಗ ಬರೆಯಲು ಹೋಗುವುದೂ ಇಲ್ಲ. ಯಾರು ನನ್ನ ಕತ್ತು ನೋಯಿಸಿದರು, ಯಾರು ಭುಜ ನೋಯಿಸಿದರು ಎನ್ನುವುದರಿಂದ ಅವರು ನನಗೆ ನೆನಪಿದ್ದಾರೆ.

ಮೊದಲು ಬಂದವನು ಹಾಲೆಂಡಿನವನು, ಕತ್ತಲೆಯೊಳಗಿಂದ ಮುಖಗಳನ್ನು ಎತ್ತಿ ತೋರಿಸುವವನು. ಟೀಚರ್ ಪರದೆಗಳನ್ನೆಲ್ಲ ಎಳೆಸಿ, ನನ್ನ ಎಡಗಡೆ ಒಂದೇ ಒಂದು ಟೇಬಲ್ ಲ್ಯಾಂಪ್ ಹಚ್ಚಿಸಿದರು. ನಾನು ಅದರತ್ತ ಸ್ವಲ್ಪ ತಿರುಗಿ, ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರಬೇಕು. "ಮೂಗನ್ನು ಬರೆಯಬೇಡಿ, ಮೂಗಿನ ಮೇಲೆ ಬಿದ್ದ ಬೆಳಕನ್ನು ಬರೆಯಿರಿ" ಎಂದು ಅವರು ಎಲ್ಲರ ಹಿಂದೆ ಓಡಾಡುತ್ತ ಹೇಳುತ್ತಿದ್ದರು. ನನಗೆ ಕುರ್ಚಿ ಸಿಕ್ಕಿದ್ದೇ ಸುಖವಾಗಿತ್ತು. ಬೆಚ್ಚಗಿತ್ತು. ಎದುರಿಗೆ ಏನೂ ಸರಿಯುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮೂಗು ತುರಿಸಿತು, ಆಮೇಲೆ ಸೊಂಟ. ಸುಮ್ಮನೆ ಕೂರುವುದೂ ಒಂದು ಕೆಲಸವೇ ಎಂದು ಗೊತ್ತಾದದ್ದು ಆಗ.

ಆಮೇಲೆ ಹಾಲೆಂಡಿನ ಇನ್ನೊಬ್ಬ. ಕಿಟಕಿಯ ಪಕ್ಕ ನಿಂತು ಹಾಲು ಸುರಿಯುವ ಕೆಲಸದಾಕೆಯ ಚಿತ್ರ ಬರೆದವನು. ಹಳದಿ ರವಿಕೆ, ನೀಲಿ ಮೇಲುಹೊದಿಕೆ, ಗಡಿಗೆಯಿಂದ ಸಣ್ಣಗೆ ಇಳಿಯುವ ಹಾಲಿನ ಎಳೆ. ಪ್ರಿಂಟು ನೋಡಿದಾಗ ಎಲ್ಲರೂ ಎಷ್ಟು ಶಾಂತ, ಎಷ್ಟು ನಿಶ್ಶಬ್ದ ಎಂದರು. ನನ್ನ ಕೈಗೆ ಒಂದು ಮಣ್ಣಿನ ಜಗ್ ಕೊಟ್ಟು ಹಾಗೇ ಬಾಗಿಸಿ ಹಿಡಿಯಲು ಹೇಳಿದರು. ಭುಜ ಸೋತು ನೋಯತೊಡಗಿತು. ಟೀಚರ್ ಪಾಪ ಆಗಾಗ ಇಳಿಸಲು ಹೇಳುತ್ತಿದ್ದರು. ಬಿಡುವಿನಲ್ಲಿ ನಾನು ಬೋರ್ಡಿನ ಮುಂದೆ ನಿಂತು ಆ ಹೆಂಗಸಿನ ದಪ್ಪ ಮೊಣಕೈಯನ್ನೇ ನೋಡಿದೆ. ಇವಳನ್ನು ಎಷ್ಟು ದಿನ ಹೀಗೆ ನಿಲ್ಲಿಸಿದ್ದನೋ, ಆಮೇಲೆ ಒಳಗೆ ಹೋಗಿ ಇವಳ ಪಾಲಿನ ಪಾತ್ರೆ ತೊಳೆದವರು ಯಾರೋ ಎಂದೆಲ್ಲ ಯೋಚನೆ ಬಂತು. ಕೇಳಿದ್ದಕ್ಕೆ ಟೀಚರ್, "ಅವಳ ಬಗ್ಗೆ ನಮಗೆ ಏನೂ ಗೊತ್ತಿಲ್ಲ" ಎಂದರು.

ಫ್ರಾನ್ಸಿನವರ ಸರದಿ ಬಂದಾಗ ಹೊರಗೆ ವಸಂತ. ಪರದೆಗಳನ್ನು ತೆಗೆದು ನನ್ನನ್ನು ಕಿಟಕಿಯ ಬೆಳಕಿಗೆ ಕೂರಿಸಿದರು. ಮೋಡ ಬಂದರೆ ಬೇರೆ ಬಣ್ಣ, ಮೋಡ ಸರಿದರೆ ಬೇರೆ ಬಣ್ಣ, ಬೇಗ ಬೇಗ ಬರೆಯಬೇಕು. ಇಂಪ್ರೆಷನಿಸಂ ಎಂದರೆ ಇದೇ ಅಂತೆ, ವಸ್ತುವನ್ನಲ್ಲ, ಆ ಗಳಿಗೆಯನ್ನು ಹಿಡಿಯುವುದು. ತಾವರೆಕೊಳವನ್ನೇ ಮತ್ತೆ ಮತ್ತೆ ಬರೆದ ಮುದುಕನೊಬ್ಬ ಕಣ್ಣು ಮಂಜಾದ ಮೇಲೂ ಬಿಡಲಿಲ್ಲವಂತೆ. ನನ್ನ ಗೆಳತಿ ನನ್ನ ಕಣ್ಣಿನ ಕೆಳಗಿನ ಕಪ್ಪಿಗೆ ನೇರಳೆ ಬಣ್ಣ ಹಚ್ಚಿದ್ದಳು.

"ಇದೇನ ಮಾಡಿಟ್ಟಿ? ಯಾರೋ ಗುದ್ದಿದಂಗ ಐತಿ" ಎಂದೆ.

"ನೆರಳಿನಲ್ಲಿ ಕಪ್ಪು ಇಲ್ಲ ಅಂತ ಟೀಚರ್ ಹೇಳಿದ್ದಲ್ವಾ? ನೋಡು, ದೂರ ನಿಂತು ನೋಡು."

ದೂರ ನಿಂತು ನೋಡಿದೆ. ನೇರಳೆ ಹೋಯಿತು. ನಿದ್ದೆಗೆಟ್ಟ ನಾನೇ ಕಂಡೆ.

ಆಮೇಲೆ ಸ್ಪೇನಿನವನೊಬ್ಬನ ವಾರಗಳು. ಮೂಗು ಒಂದು ದಿಕ್ಕಿಗೆ, ಕಣ್ಣು ಇನ್ನೊಂದು ದಿಕ್ಕಿಗೆ, ಮುಖವನ್ನು ತುಂಡು ತುಂಡು ಮಾಡಿ ಎಲ್ಲ ಕಡೆಯಿಂದಲೂ ಒಟ್ಟಿಗೇ ತೋರಿಸುವ ರೀತಿ. ಅಂದು ಕ್ಲಾಸಿನಲ್ಲಿ ಎಲ್ಲರೂ ನಕ್ಕರು, ನಾನೂ ನಕ್ಕೆ. ಅಂಚೆ ಇಲಾಖೆಯಲ್ಲಿದ್ದ ಒಬ್ಬ ಮುದುಕರು ನನ್ನ ಎರಡೂ ಕಣ್ಣನ್ನು ಒಂದೇ ಕೆನ್ನೆಯ ಮೇಲೆ ಇಟ್ಟು, ಬಂದು ಕ್ಷಮೆ ಕೇಳಿದರು. "ಪರವಾಗಿಲ್ಲ, ಪಾಳಿ ಮುಗಿಸಿದಾಗ ನನಗೆ ಹಾಗೇ ಅನ್ನಿಸುತ್ತದೆ" ಎಂದೆ ನನಗೆ ಬರುವ ಇಂಗ್ಲಿಷಿನಲ್ಲಿ.

ಬೇಸಿಗೆ ಶುರುವಾಗುವ ಹೊತ್ತಿಗೆ ನಮ್ಮ ಅಡುಗೆಮನೆಯಲ್ಲಿ ಕೆಲಸ ವಿಪರೀತವಾಯಿತು. ರಜೆಗೆ ಹೋಗುವವರ ವಿಮಾನಗಳು ಹೆಚ್ಚಿದವು, ಕೆಲಸಗಾರರು ಹೆಚ್ಚಲಿಲ್ಲ. ಅಂಥ ಒಂದು ಗುರುವಾರ ನನ್ನನ್ನು ಮೇಜಿನ ಮುಂದೆ ಕೂರಿಸಿ, ಗಲ್ಲಕ್ಕೆ ಕೈ ಕೊಟ್ಟುಕೊಳ್ಳಲು ಹೇಳಿದರು. ಬ್ರಷ್ಷುಗಳ ಸಣ್ಣ ಸದ್ದು, ಯಾರೋ ನೀರಿನಲ್ಲಿ ಬಣ್ಣ ಕದಡುವ ಸದ್ದು ಕೇಳಿದ್ದಷ್ಟೇ ಗೊತ್ತು. ಮತ್ತೆ ಕಣ್ಣು ಬಿಟ್ಟಾಗ ಬಿಸಿಲು ಆ ಗೋಡೆಯಿಂದ ಈ ಗೋಡೆಗೆ ಬಂದಿತ್ತು. ನನ್ನ ಕೆನ್ನೆ ಮೇಜಿನ ಮೇಲಿತ್ತು. ಬಾಯಿಯ ಮೂಲೆ ಒದ್ದೆಯಾಗಿತ್ತು. ಎಲ್ಲರೂ ಬರೆಯುತ್ತಿದ್ದರು.

ನಾಚಿಕೆಯಿಂದ ಸತ್ತೇಹೋದಂತಾಯಿತು. ಸೆರಗಿನಿಂದ ಬಾಯಿ ಒರೆಸಿಕೊಂಡು ಸಾರಿ, ಸಾರಿ ಎಂದೆ. ಟೀಚರ್ ಕುಂಟುತ್ತ ಬಂದು ನನ್ನ ಬೆನ್ನ ಮೇಲೆ ಕೈ ಇಟ್ಟರು. "ನಾನೇ ಎಬ್ಬಿಸಬೇಡಿ ಅಂದೆ. ಮೇಜಿನ ಮೇಲೆ ನಿದ್ದೆ ಹೋದ ಕೆಲಸದವರನ್ನು ಯುರೋಪಿನವರು ಎಷ್ಟೋ ಸಲ ಬರೆದಿದ್ದಾರೆ. ಇವತ್ತು ಇವರೆಲ್ಲ ಮೊದಲ ಸಲ ನಿಜವಾಗಿ ನೋಡಿ ಬರೆದರು" ಎಂದರು. ಒಳ್ಳೆಯ ಮಾತೇ ಇರಬಹುದು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಜಾಕೆಟ್ ಎತ್ತಿಕೊಂಡು ಹೊರಟೆ. ಗೆಳತಿ ಬಸ್ ಸ್ಟಾಪಿನ ತನಕ ಹಿಂದೆ ಬಂದಳು.

"ನೀನರ ಎಬ್ಬಸಬೇಕಿತ್ತಲ್ಲ. ಮಂದಿ ಮುಂದ ಬಾಯಿ ತಕ್ಕೊಂಡ ಮಲಗೀನಿ. ಅದನ್ನ ಚಿತ್ರ ಬ್ಯಾರೆ ತಗದೀರಿ."

"ಎಬ್ಬಿಸ್ಲಿಕ್ಕೆ ಬಂದಿದ್ದೆ ಮಾರಾಯ್ತಿ. ಹತ್ತಿರ ಬಂದು ನೋಡಿದ್ರೆ ಮನಸ್ಸು ಬರಲಿಲ್ಲ. ವಾರ್ಡಿನಲ್ಲಿ ಎಷ್ಟು ಜನ ಮಲಗಿದ್ದು ನೋಡಿದ್ದೇನೆ ನಾನು. ಅಷ್ಟು ನಿದ್ದೆ ಬೇಕಾಗಿತ್ತು ನಿಂಗೆ."

"ನಾ ಏನ ಪೇಷಂಟ ಅಲ್ಲ" ಎಂದು ಬಸ್ ಹತ್ತಿದೆ. ಮುಂದಿನ ಗುರುವಾರ ಹೋಗಲಿಲ್ಲ. ಅದರ ಮುಂದಿನದಕ್ಕೂ ಹೋಗಲಿಲ್ಲ. ಗೆಳತಿಯ ಫೋನು ಬಂದರೆ ಸುಮ್ಮನೆ ನೋಡುತ್ತ ಕೂರುತ್ತಿದ್ದೆ.

ಕೊನೆಗೆ ಅವಳು ಮನೆಗೇ ಬಂದಳು, ಡಬ್ಬಿಯಲ್ಲಿ ನೀರುದೋಸೆ ಕಟ್ಟಿಕೊಂಡು. ಕ್ಲಾಸಿನವರೆಲ್ಲ ಮಧ್ಯ ಲಂಡನ್ನಿನ ದೊಡ್ಡ ಗ್ಯಾಲರಿಗೆ ಹೋಗುತ್ತಿದ್ದಾರೆ, ನೀನೂ ಬರಬೇಕು, ಅಲ್ಲಿ ಯಾರೂ ನಿನ್ನನ್ನು ನೋಡುವುದಿಲ್ಲ, ನೀನು ನೋಡಿದರಾಯ್ತು ಎಂದಳು. ಅವಳೊಡನೆ ಹಟ ಮಾಡುವಷ್ಟು ಶಕ್ತಿ ಇರಲಿಲ್ಲ. ಪಾಳಿ ಮುಗಿಸಿ ಎಲಿಜಬೆತ್ ಲೈನ್ ರೈಲು ಹಿಡಿದು ಹೋದೆ.

ಅಷ್ಟು ದೊಡ್ಡ ಗ್ಯಾಲರಿ, ಅಷ್ಟೊಂದು ಮೆಟ್ಟಿಲು, ಒಂದರ ಹಿಂದೆ ಒಂದು ಕೋಣೆ. ನನ್ನ ಕಾಲುಗಳು ಆಗಲೇ ಸೋತಿದ್ದವು. ಸೂರ್ಯಕಾಂತಿಯ ಚಿತ್ರದ ಮುಂದೆ ಜಾತ್ರೆಯಷ್ಟು ಜನ, ಎಲ್ಲರ ಕೈ ಮೇಲೆ, ಕೈಯಲ್ಲಿ ಫೋನು. ಭುಜಗಳ ಸಂದಿಯಿಂದ ಒಂದಿಷ್ಟು ಹಳದಿ ಕಂಡಿತು. ನಾನು ಅಂದುಕೊಂಡಂತೆ ಅರಳಿದ ಹೂಗಳಲ್ಲ ಅವು. ಅರ್ಧ ಒಣಗಿ, ಎಸಳುದುರಿ, ತಲೆ ಬಾಗಿಸಿದವು. ನಮ್ಮ ವಿಜಯಪುರದ ಕಡೆ ಹೊಲದಲ್ಲಿ ಹಾಗಾದರೆ ಕುಯ್ದು ಬೀಜ ಬಡಿಯುತ್ತಾರೆ. ಈ ಮನುಷ್ಯ ಅದನ್ನೇ ಹೂದಾನಿಯಲ್ಲಿಟ್ಟು, ಬಣ್ಣವನ್ನು ಮಣ್ಣಿನಂತೆ ದಪ್ಪ ದಪ್ಪ ಮೆತ್ತಿ ಬರೆದಿದ್ದ. ಬದುಕಿದ್ದಾಗ ಅವನನ್ನು ಹೆಚ್ಚು ಜನ ತಿರುಗಿ ನೋಡಲಿಲ್ಲ ಎಂದು ಟೀಚರ್ ಹೇಳಿದರು.

ಕತ್ತಲೆ ಬೆಳಕಿನ ಹಾಲೆಂಡಿನವನು ತನ್ನ ಕೊನೆಯ ವರ್ಷದಲ್ಲಿ ತನ್ನದೇ ಮುಖ ಬರೆದುಕೊಂಡಿದ್ದ ಚಿತ್ರ ಇನ್ನೊಂದು ಕೋಣೆಯಲ್ಲಿತ್ತು. ಹೆಂಡತಿಯನ್ನೂ ಮಗನನ್ನೂ ಕಳೆದುಕೊಂಡ ಮೇಲೆ ಬರೆದದ್ದಂತೆ. ಜೋತುಬಿದ್ದ ಕೆನ್ನೆ, ಉಬ್ಬಿದ ಮೂಗು, ಮಡಿಸಿದ ಕೈ. ಎಲ್ಲಿಯೂ ತನ್ನನ್ನು ಚಂದ ಮಾಡಿಕೊಂಡಿರಲಿಲ್ಲ. ಟೀಚರ್ ಅದರ ಪಕ್ಕದ ಗೋಡೆಗೆ ಆತು ನಿಂತವರು ಬಹಳ ಹೊತ್ತು ಅಲ್ಲಿಂದ ಕದಲಲಿಲ್ಲ.

ನಾನು ಕೂರಲು ಜಾಗ ಹುಡುಕುತ್ತ ಪಕ್ಕದ ಕೋಣೆಗೆ ಹೋದೆ. ಬೆಂಚಿತ್ತು. ಕೂತು ತಲೆ ಎತ್ತಿದರೆ ಎದುರಿನ ಚಿತ್ರದಲ್ಲಿ ಒಬ್ಬಳು ಹುಡುಗಿ. ಅಡುಗೆಮನೆಯಲ್ಲಿ ನಿಂತು ಹಿತ್ತಾಳೆಯ ಕುಟ್ಟಾಣಿಯಲ್ಲಿ ಏನೋ ಕುಟ್ಟುತ್ತಿದ್ದಾಳೆ. ಮೇಜಿನ ಮೇಲೆ ಮೀನು, ಮೊಟ್ಟೆ, ಬೆಳ್ಳುಳ್ಳಿ, ಒಂದು ಒಣಮೆಣಸಿನಕಾಯಿ. ದುಂಡು ಮುಖ, ಕೆಂಪಾದ ಕೈ. ಇನ್ನೇನು ಅಳುತ್ತಾಳೆ ಅಥವಾ ಬೈಯುತ್ತಾಳೆ ಎನ್ನುವಂತೆ ತುಟಿ ಮುಂದೆ ಬಂದಿದೆ. ಹಿಂದೆ ನಿಂತ ಮುದುಕಿಯೊಬ್ಬಳು ಅವಳ ಕಡೆ ಬೆರಳು ತೋರಿಸುತ್ತಿದ್ದಾಳೆ. ಆ ಬೆರಳನ್ನು ನೋಡಿದೊಡನೆ ನನಗೆ ನಮ್ಮ ಬೆಲ್ಟಿನ ಸೂಪರ್‌ವೈಸರ್ ಕಣ್ಣಿಗೆ ಬಂದಳು.

ಗೆಳತಿ ಬಂದು ಪಕ್ಕದಲ್ಲಿ ಕೂತಳು.

"ಇದು ನಮ್ಮ ಬೈಬಲ್ಲಿನ ಕತೆ. ಮೂಲೆಯಲ್ಲಿ ಕಿಂಡಿಯ ಹಾಗೆ ಕಾಣ್ತದಲ್ಲ, ಅಲ್ಲಿ ಏಸು ಕೂತಿದ್ದಾನೆ. ಅಕ್ಕತಂಗಿಯರ ಮನೆಗೆ ಬಂದದ್ದು. ತಂಗಿ ಅವನ ಕಾಲ ಬುಡದಲ್ಲಿ ಮಾತು ಕೇಳ್ತಾ ಕೂತಳು. ಅಕ್ಕ ಒಬ್ಬಳೇ ಅಡುಗೆ ಮಾಡಿ ಮಾಡಿ ಸಾಕಾಗಿ, ಅವಳಿಗೆ ಸ್ವಲ್ಪ ಹೇಳು, ಕೈಜೋಡಿಸಲಿ ಅಂತ ಅವನ ಹತ್ತಿರ ದೂರು ಹೇಳಿದ್ಳು."

"ಅವ ಏನಂದ?"

"ತಂಗಿ ಆರಿಸಿಕೊಂಡದ್ದೇ ಒಳ್ಳೇದು ಅಂದ. ಚರ್ಚಿನಲ್ಲಿ ಸಣ್ಣಂದಿನಿಂದ ಕೇಳಿದ್ದೇನೆ. ಪ್ರತಿ ಸಲ ನನಗೆ ಅಕ್ಕನದೇ ಚಿಂತೆ. ಎಲ್ಲರೂ ಕೂತರೆ ಊಟಕ್ಕೆ ಎಂತ ಮಾಡುವುದು?" ಎಂದಳು.

ಇಬ್ಬರೂ ನಕ್ಕೆವು. ಕಾವಲಿನವನು ನಮ್ಮ ಕಡೆ ನೋಡಿದ. ಇದನ್ನು ಬರೆದವನು ಸ್ಪೇನಿನ ಇನ್ನೊಬ್ಬ, ಬಹಳ ಹಿಂದಿನವನು; ಬರೆದಾಗ ಇನ್ನೂ ಮೀಸೆ ಚಿಗುರುವ ವಯಸ್ಸಂತೆ. ಆಮೇಲೆ ಅರಮನೆ ಸೇರಿ ರಾಜರಾಣಿಯರನ್ನು ಬರೆದು ದೊಡ್ಡವನಾದನಂತೆ. ನಾನು ಆ ಹುಡುಗಿಯನ್ನೇ ನೋಡುತ್ತಿದ್ದೆ. ಅವಳು ಯಾರದೋ ಮನೆಯ ಕೆಲಸದವಳೇ ಇರಬೇಕು. ಬೆಳಗಿನ ಕೆಲಸ ಮುಗಿಸಿ ಇವನ ಮುಂದೆ ನಿಂತಿರಬೇಕು. ಇವನು ಅವಳಿಗೆ ನಗು ಎಂದು ಹೇಳಿಲ್ಲ, ಮುಖ ತೊಳೆದು ಬಾ ಎಂದೂ ಹೇಳಿಲ್ಲ. ಸುಸ್ತಾಗಿದ್ದಾಳೆ, ಬೇಸರವಾಗಿದೆ, ಅಷ್ಟನ್ನೂ ಇದ್ದ ಹಾಗೆ ಬರೆದಿದ್ದಾನೆ. ಅದು ಅವಮಾನದಂತೆ ನನಗೆ ಕಾಣಲಿಲ್ಲ. ಬಸ್ ಸ್ಟಾಪಿನಲ್ಲಿ ಬಂದ ಸಿಟ್ಟು ಅಲ್ಲಿ ಕೂತಿದ್ದಾಗಲೇ ಯಾವಾಗಲೋ ಇಳಿದುಹೋಗಿತ್ತು.

"ನಾ ಮಲಗಿದ್ದ ಚಿತ್ರ ನೀ ಬರದದ್ದ ಮುಗೀತೇನ?" ಎಂದು ಕೇಳಿದೆ.

"ನೀನು ಹೂಂ ಅನ್ನದೆ ಮುಟ್ಟುವುದಿಲ್ಲ ಅಂತ ಗೋಡೆಗೆ ತಿರುಗಿಸಿ ಇಟ್ಟಿದ್ದೇನೆ."

"ಮುಗಸು" ಎಂದೆ.

ಜುಲೈಯಲ್ಲಿ ಕ್ಲಾಸಿನವರು ಪಿನ್ನರ್‌ನ ಲೈಬ್ರರಿಯ ಗೋಡೆಗಳ ಮೇಲೆ ತಮ್ಮ ಚಿತ್ರಗಳನ್ನೆಲ್ಲ ತೂಗುಹಾಕಿದರು. ನಮ್ಮವರು ಒಂದು ಪಾಳಿ ಬಿಟ್ಟು ಬಂದರು, ಮಗಳನ್ನೂ ಹೊರಡಿಸಿಕೊಂಡು ಬಂದೆವು. ಒಳಗೆ ಕಾಲಿಟ್ಟರೆ ಎಲ್ಲ ಕಡೆ ನಾನೇ. ಕತ್ತಲೆಯಲ್ಲಿ ನಾನು, ಜಗ್ ಹಿಡಿದ ನಾನು, ನೇರಳೆ ಕಣ್ಣಿನ ನಾನು, ತುಂಡು ತುಂಡಾದ ನಾನು. ಹೆಚ್ಚಿನವರಿಗೆ ಕೈ ಬರೆಯಲು ಬರುತ್ತಿರಲಿಲ್ಲ, ಬೆರಳುಗಳು ಬೆಂಡೆಕಾಯಿಯಂತಿದ್ದವು. ಆದರೂ ಅಷ್ಟು ಜನ, ಅಷ್ಟು ರೀತಿಯಲ್ಲಿ ಬರೆದದ್ದರಲ್ಲಿ ಒಂದೇ ಒಂದು ವಿಷಯದಲ್ಲಿ ಯಾರೂ ತಪ್ಪಿರಲಿಲ್ಲ. ಎಲ್ಲರೂ ಒಬ್ಬ ದಣಿದ ಹೆಂಗಸನ್ನೇ ಬರೆದಿದ್ದರು.

ಮಗಳು ಒಂದೊಂದರ ಮುಂದೆಯೂ ನಿಂತು ನಿಂತು ಬಂದಳು. ಅವಳಿಗೆ ನಮ್ಮ ಮಾತೆಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಯಾವಾಗಲೂ ಇಂಗ್ಲಿಷಿನಲ್ಲಿ. ಅಂದೂ ಇಂಗ್ಲಿಷಿನಲ್ಲೇ ಕೇಳಿದಳು, "ಅಮ್ಮಾ, ನೀನು ದಿನಾ ಇಷ್ಟು ಸುಸ್ತಾಗಿರ್ತೀಯಾ?" ಎಂದು.

"ಸುಮ್ಮನ ಕೂತ್ರ ಎಲ್ಲಾರ ಮಾರಿನೂ ಹಂಗ ಕಾಣ್ತದ" ಎಂದೆ. ಅವಳು ಒಪ್ಪಲಿಲ್ಲ. ನನ್ನ ಕೈ ಹಿಡಿದುಕೊಂಡಳು. ಅವಳು ಹಾಗೆ ಕೈ ಹಿಡಿಯದೆ ಬಹಳ ಕಾಲವಾಗಿತ್ತು.

ನಮ್ಮವರು ಗೆಳತಿ ಬರೆದ ಚಿತ್ರದ ಮುಂದೆ ನಿಂತಿದ್ದರು. ನಾನು ಮೇಜಿನ ಮೇಲೆ ತಲೆ ಇಟ್ಟು ಮಲಗಿದ್ದ ಚಿತ್ರ. ತೆರೆದ ಬಾಯಿ, ಸಡಿಲವಾದ ಸೆರಗು, ಕೈಯ ಮೇಲೆ ಬಿಸಿಲು. ನಾನು ಹತ್ತಿರ ಹೋದೆ. ಏನಾದರೂ ತಮಾಷೆ ಮಾಡುತ್ತಾರೆ ಎಂದುಕೊಂಡಿದ್ದೆ.

"ನಾ ಬಂದಾಗ ದೀಪ ಹಚ್ಚೂದಿಲ್ಲ, ನಿನಗ ಎಚ್ಚರ ಆಗ್ತದಂತ" ಎಂದರು ಚಿತ್ರದಿಂದ ಕಣ್ಣು ತೆಗೆಯದೆ. "ಕತ್ತಲದಾಗ ಬಂದು ಬಾಜೂಕ ಬೀಳ್ತೀನಿ. ನೀ ಮಲಗಿದಾಗ ಹಿಂಗ ಕಾಣ್ತಿಯಂತ ನನಗ ಗೊತ್ತಿರಲಿಲ್ಲ."

ಟೀಚರ್ ಬಂದು ಅವರ ಕೈ ಕುಲುಕಿದರು. ಗೆಳತಿ ತಾನು ತಂದಿದ್ದ ಕೇಕನ್ನು ಎಲ್ಲರ ಕೈಗೂ ಕೊಟ್ಟಳು.

ಮರುವಾರವೇ ನಮ್ಮವರು ನನ್ನನ್ನು ಕೂರಿಸಿಕೊಂಡು, ಪಾಳಿ ಬದಲಿಸಲು ಕೇಳು, ನಾನೂ ಕೇಳುತ್ತೇನೆ ಎಂದರು. ಇಬ್ಬರೂ ಕೇಳಿದೆವು. ನನಗೆ ಸಿಗಲಿಲ್ಲ. ಅವರಿಗೆ ಚಳಿಗಾಲದ ಹೊತ್ತಿಗೆ ಬೆಳಗಿನ ಪಾಳಿ ಸಿಕ್ಕಿತು. ಈಗ ಇಬ್ಬರೂ ಒಟ್ಟಿಗೇ ಎದ್ದು, ಒಟ್ಟಿಗೇ ಸುಸ್ತಾಗಿ, ಸಂಜೆ ಟಿವಿಯ ಮುಂದೆ ಒಟ್ಟಿಗೇ ತೂಕಡಿಸುತ್ತೇವೆ. ಇದಕ್ಕಿಂತ ಹೆಚ್ಚಿನದೇನೂ ಆಗಲಿಲ್ಲ. ಆದದ್ದು ಚಿಕ್ಕದು ಎಂದೂ ನನಗೆ ಅನ್ನಿಸುವುದಿಲ್ಲ. ನಾನು ಮಲಗಿದ ಚಿತ್ರವನ್ನು ಗೆಳತಿ ನನಗೇ ಕೊಟ್ಟಳು. ಗೋಡೆಗೆ ಹಾಕಲು ನಾಚಿಕೆಯಾಗಿ ಕಪಾಟಿನ ಹಿಂದೆ ಇಟ್ಟಿದ್ದೆ. ಮಗಳು ಯೂನಿವರ್ಸಿಟಿಗೆ ಹೋಗುವಾಗ ಕೇಳದೆಯೇ ಟವೆಲ್ಲಿನಲ್ಲಿ ಸುತ್ತಿಕೊಂಡು ಹೋದಳು.

ಕ್ಲಾಸು ಮತ್ತೆ ಶುರುವಾಗಲಿಲ್ಲ. ಟೀಚರಿಗೆ ಮಂಡಿಯ ಆಪರೇಷನ್ ಆಯಿತು, ಸಭಾಂಗಣವನ್ನು ಕೌನ್ಸಿಲ್ ಬೇರೆ ಯಾವುದಕ್ಕೋ ಕೊಟ್ಟಿತು. ಕೆಲವು ಗುರುವಾರ ನಾನೂ ಗೆಳತಿಯೂ ಆ ಗ್ಯಾಲರಿಗೆ ಹೋಗುತ್ತೇವೆ. ಹೋದ ತಿಂಗಳು ಹೋದಾಗ ಕುಟ್ಟಾಣಿಯ ಹುಡುಗಿ ಇದ್ದ ಕೋಣೆಗೆ ಹಗ್ಗ ಕಟ್ಟಿದ್ದರು, ಒಳಗೆ ಏನೋ ರಿಪೇರಿ.

"ಈಗ ಎಂತ ಮಾಡುವಾ?" ಎಂದಳು ಗೆಳತಿ.

"ಎಲ್ಲೆರ ಕೂಡೂಣು. ನನ್ನ ಕಾಲಾಗ ಜೀವ ಇಲ್ಲ."

ಸಿಕ್ಕಿದ ಬೆಂಚಿನ ಮೇಲೆ ಕೂತೆವು. ಎದುರಿಗೆ ದೊಡ್ಡದೊಂದು ಕುದುರೆ, ಅದರ ಮೇಲೆ ಯಾರೋ ರಾಜ. ಬರೆದವನು ಯಾರೆಂದು ಇಬ್ಬರೂ ಎದ್ದು ಓದಲು ಹೋಗಲಿಲ್ಲ. ಅವಳು ಚಪ್ಪಲಿಯಿಂದ ಹಿಮ್ಮಡಿ ಬಿಡಿಸಿಕೊಂಡು, ಅಳಿಯನಿಗೆ ಸಕ್ಕರೆ ಕಾಯಿಲೆ ಬಂದ ವಿಷಯ ಹೇಳತೊಡಗಿದಳು. ನಾನು ಬೆನ್ನು ಒರಗಿಸಲು ಏನಾದರೂ ಇದ್ದಿದ್ದರೆ ಎಂದುಕೊಳ್ಳುತ್ತ ಕೇಳುತ್ತಿದ್ದೆ.